‘ಸಾರಿ’ ಹೇಳಿಸುವ ಅವಸರ

ಓಡುತ್ತಿದ್ದ ಮಗು ಎಡವಿ ಬೀಳುತ್ತದೆ. ಅಜ್ಜಿಯೋ ಅತ್ತೆಯೋ ಧಾವಿಸಿ ಬಂದು, ಅದನ್ನು ಎತ್ತಿ ಸೊಂಟಕ್ಕೇರಿಸಿಕೊಂಡು, ಬಗ್ಗಿ ನೆಲಕ್ಕೆ ಎರಡು ಬಾರಿಸುತ್ತಾರೆ. ‘ನಮ್ ಕಂದನ್ನ ಬೀಳಿಸ್ತೀಯಾ? ತಗೋ, ತಗೋ!’ ಮಗು ಅಳು ನಿಲ್ಲಿಸಿ ನೋಡುತ್ತದೆ. ಹುಷಾರಾದ ಮಗುವಾದರೆ ತಾನೂ ಒಂದೇಟು ಸೇರಿಸುತ್ತದೆ. ಆರೋಪಿ ನೆಲ, ವಿಚಾರಣೆ ಇಲ್ಲ, ಶಿಕ್ಷೆ ಸ್ಥಳದಲ್ಲೇ. ನಾವೆಲ್ಲ ಹೀಗೇ ಬೆಳೆದವರು, ಯಾರೂ ಇದರಿಂದ ಕೆಟ್ಟುಹೋಗಿಲ್ಲ ಎನ್ನಬಹುದು. ಆದರೂ ನೋವಾದ ಕೂಡಲೇ ಹೊಡೆಯಲು ಯಾರಾದರೂ ಸಿಗುತ್ತಾರಾ ಎಂದು ಹುಡುಕುವ ಚಾಳಿ ನಮಗೆಲ್ಲಿಂದ ಬಂತು ಎಂದು ಯೋಚಿಸುವಾಗ, ಆ ನೆಲ ನನಗೆ ನೆನಪಾಗುತ್ತದೆ.

ಅದೇ ಮಗು ಮೂರು ವರ್ಷಕ್ಕೆ ಅಂಗನವಾಡಿಗೋ ಪ್ಲೇಹೋಮಿಗೋ ಹೋಗಿ ಇನ್ನೊಂದು ಮಗುವನ್ನು ತಳ್ಳಿತು ಎನ್ನಿ. ಈಗ ನಮ್ಮ ಕಾನೂನು ಪೂರ್ತಿ ಬೇರೆ. ‘ಸಾರಿ ಹೇಳು. ಹೇಳು ಅಂದ್ರೆ ಹೇಳು. ಜೋರಾಗಿ.’ ಮಗು ಎತ್ತಲೋ ನೋಡುತ್ತಾ ‘ಸಾಯಿ’ ಎನ್ನುತ್ತದೆ. ‘ಗುಡ್ ಬಾಯ್’ ಆಯಿತು, ಪ್ರಕರಣ ಮುಗಿಯಿತು. ಅಳುತ್ತಿರುವ ಮಗು ಅಳುತ್ತಲೇ ಇದೆ.

ಸಣ್ಣ ಮಕ್ಕಳಿಗೆ ಬೇರೆಯವರ ನೋವು ತಿಳಿಯುವುದಿಲ್ಲ, ದೊಡ್ಡವರು ಹೇಳಿಕೊಟ್ಟೇ ತಿಳಿಯಬೇಕು ಎಂಬ ನಂಬಿಕೆ ಈ ಅವಸರದ ಹಿಂದಿದೆ. ಆ ನಂಬಿಕೆಗೆ ಆಧಾರ ಸಾಲದು. ಹೆರಿಗೆ ವಾರ್ಡಿನಲ್ಲಿ ಒಂದು ಕೂಸು ಅಳು ತೆಗೆದರೆ ಪಕ್ಕದ ಮಂಚದ ಕೂಸೂ ದನಿಗೂಡಿಸುವುದನ್ನು ದಾದಿಯರು ದಿನವೂ ನೋಡುತ್ತಾರೆ. ಮಾರ್ವಿನ್ ಸಿಮ್ನರ್ ಎಂಬ ಮನಶ್ಶಾಸ್ತ್ರಜ್ಞರು 1971ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಹುಟ್ಟಿ ಕೆಲವೇ ದಿನಗಳಾದ ಶಿಶುಗಳಿಗೆ ಇನ್ನೊಂದು ಶಿಶುವಿನ ಅಳುವನ್ನೂ ಕಂಪ್ಯೂಟರಿನಲ್ಲಿ ತಯಾರಿಸಿದ ಅಂಥದ್ದೇ ಸದ್ದನ್ನೂ ಕೇಳಿಸಿದರು. ನಿಜವಾದ ಅಳು ಕೇಳಿದಾಗಲೇ ಶಿಶುಗಳು ಹೆಚ್ಚು ಅತ್ತವು. 1976ರಲ್ಲಿ ಸಾಗಿ ಮತ್ತು ಮಾರ್ಟಿನ್ ಹಾಫ್‌ಮನ್ ಇನ್ನೂ ಎಳೆಯ, ಒಂದು ದಿನದ ಆಸುಪಾಸಿನ ಕೂಸುಗಳಲ್ಲಿ ಇದನ್ನೇ ಕಂಡರು. ಜೂನ್ ಮೊದಲ ವಾರ ಯಾವುದೇ ಎಲ್‌ಕೆಜಿ ಕೋಣೆಯ ಹೊರಗೆ ನಿಂತರೆ ಪ್ರಯೋಗಾಲಯವೇ ಬೇಡ. ಒಬ್ಬಳು ‘ಅಮ್ಮಾ’ ಎಂದು ತೆಗೆದ ರಾಗ ಎರಡು ನಿಮಿಷದಲ್ಲಿ ಇಡೀ ಕೋಣೆಯದಾಗಿರುತ್ತದೆ, ಅಷ್ಟು ಹೊತ್ತು ಖುಷಿಯಾಗಿ ಆಡುತ್ತಿದ್ದವನೂ ಅದರಲ್ಲಿ ಸೇರಿರುತ್ತಾನೆ.

ಇದು ಇನ್ನೂ ಅನುಕಂಪವಲ್ಲ, ಅಂಟುಅಳು ಅಷ್ಟೇ. ಹಾಫ್‌ಮನ್ ತಮ್ಮ ಜೀವಮಾನವನ್ನೆಲ್ಲ ಈ ಅಂಟುಅಳು ಕಾಳಜಿಯಾಗಿ ಬೆಳೆಯುವ ದಾರಿ ಹುಡುಕುವುದರಲ್ಲಿ ಕಳೆದರು. ಅವರು ಮತ್ತೆ ಮತ್ತೆ ಹೇಳುತ್ತಿದ್ದ ಉದಾಹರಣೆಯೊಂದಿದೆ. ವರ್ಷ ದಾಟಿದ ಒಂದು ಮಗು, ಅಳುತ್ತಿದ್ದ ಗೆಳೆಯನ ಕೈಹಿಡಿದು ತನ್ನ ಅಮ್ಮನ ಹತ್ತಿರ ಕರೆದುಕೊಂಡು ಹೋಯಿತು. ಗೆಳೆಯನ ಅಮ್ಮ ಅದೇ ಕೋಣೆಯಲ್ಲಿ ಕೂತಿದ್ದರು! ಮಗುವಿಗೆ ಸಂಕಟ ತಿಳಿದಿದೆ, ಏನಾದರೂ ಮಾಡಬೇಕೆಂದೂ ಅನ್ನಿಸಿದೆ. ತನಗೆ ಸಮಾಧಾನ ಕೊಡುವುದೇ ಎಲ್ಲರಿಗೂ ಸಮಾಧಾನ ಎಂದುಕೊಂಡಿದೆ, ಎಡವಿದ್ದು ಅಲ್ಲಿ. (ಅರವತ್ತರ ಅಪ್ಪಂದಿರು ಮಗಳ ಹುಟ್ಟುಹಬ್ಬಕ್ಕೆ ತಮಗೆ ಇಷ್ಟವಾದ ಸಿಹಿ ತರುವುದನ್ನು ನೋಡಿದರೆ, ಈ ಘಟ್ಟವನ್ನು ಎಲ್ಲರೂ ದಾಟಿರುವುದಿಲ್ಲ ಎಂಬುದು ಖಾತ್ರಿಯಾಗುತ್ತದೆ.)

ಸಹಾಯ ಮಾಡುವ ಮನಸ್ಸೂ ಹಾಗೆಯೇ, ಬೇಗ ಬರುತ್ತದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದೊಡ್ಡವರೊಬ್ಬರು ಬಟ್ಟೆ ಒಣಹಾಕುತ್ತಾ ಕ್ಲಿಪ್ಪು ಬೀಳಿಸಿಕೊಂಡು, ಕೈ ಚಾಚಿ, ಸಿಗದೆ ಒದ್ದಾಡುತ್ತಾರೆ. ಹದಿನೆಂಟು ತಿಂಗಳ ಮಕ್ಕಳು ನೋಡುತ್ತಿರುತ್ತವೆ. ಯಾರೂ ಕೇಳಿಲ್ಲ, ಹೇಳಿಲ್ಲ. ಮಕ್ಕಳು ತಟ್ಟಾಡುತ್ತಾ ಬಂದು ಕ್ಲಿಪ್ಪು ಎತ್ತಿಕೊಟ್ಟವು. ಇಂಥ ಹಲವು ಸನ್ನಿವೇಶಗಳಲ್ಲಿ ಒಮ್ಮೆಯಾದರೂ ನೆರವಾದ ಮಕ್ಕಳು 24ರಲ್ಲಿ 22. ಇದಕ್ಕಿಂತ ಸೊಗಸಾದ ಸಂಗತಿ ಇನ್ನೊಂದಿದೆ. ಅದೇ ಮನುಷ್ಯ ಬೇಕೆಂದೇ ಕ್ಲಿಪ್ಪು ಎಸೆದಾಗ ಮಕ್ಕಳು ಸಾಮಾನ್ಯವಾಗಿ ಎದ್ದು ಬರಲಿಲ್ಲ. ಕೈಜಾರಿ ಬಿದ್ದದ್ದಕ್ಕೂ ಬೇಕೆಂದೇ ಬಿಸಾಕಿದ್ದಕ್ಕೂ ಇರುವ ವ್ಯತ್ಯಾಸ ಅಷ್ಟು ಎಳೆಯ ವಯಸ್ಸಿಗೇ ಹೊಳೆದಿತ್ತು.

ಹಾಗಾದರೆ ಮೂರು-ನಾಲ್ಕರ ವಯಸ್ಸಿನಲ್ಲಿ ಇದೇ ಮಕ್ಕಳು ತಳ್ಳುವುದೇಕೆ, ಕಚ್ಚುವುದೇಕೆ, ಆಟಿಕೆ ಕಿತ್ತುಕೊಂಡು ನಗುವುದೇಕೆ?

ಮನಸ್ಸಿದ್ದರೂ ತಿಳಿವಳಿಕೆ ಕಂತಿನಲ್ಲಿ ಬರುತ್ತದೆ. ಬೆಟ್ಟಿ ರೆಪಾಕೋಲಿ ಮತ್ತು ಆಲಿಸನ್ ಗಾಪ್ನಿಕ್ 1997ರಲ್ಲಿ ಮಕ್ಕಳ ಮುಂದೆ ಎರಡು ಬಟ್ಟಲು ಇಟ್ಟರು: ಒಂದರಲ್ಲಿ ಮಕ್ಕಳಿಗೆ ಇಷ್ಟದ ಬಿಸ್ಕತ್ತು, ಇನ್ನೊಂದರಲ್ಲಿ ಹಸಿ ಬ್ರೊಕೊಲಿ. ಪ್ರಯೋಗ ಮಾಡುವಾಕೆ ಬ್ರೊಕೊಲಿ ತಿಂದು ಆಹಾ ಎಂದರು, ಬಿಸ್ಕತ್ತು ತಿಂದು ಮುಖ ಸಿಂಡರಿಸಿದರು. ಆಮೇಲೆ ಕೈ ಚಾಚಿ ‘ನನಗೆ ಸ್ವಲ್ಪ ಕೊಡು’ ಎಂದರು. ಹದಿನಾಲ್ಕು ತಿಂಗಳ ಮಕ್ಕಳು ತಮಗೆ ಇಷ್ಟವಾದ ಬಿಸ್ಕತ್ತನ್ನೇ ಕೊಟ್ಟವು. ಹದಿನೆಂಟು ತಿಂಗಳ ಮಕ್ಕಳು, ತಮಗೆ ಹಿಡಿಸದಿದ್ದರೂ, ಆಕೆಗೆ ಇಷ್ಟವಾದ ಬ್ರೊಕೊಲಿ ಕೊಟ್ಟವು. ನಾಲ್ಕೇ ತಿಂಗಳ ಅಂತರದಲ್ಲಿ ‘ನನ್ನ ರುಚಿ ಬೇರೆ, ನಿನ್ನ ರುಚಿ ಬೇರೆ’ ಎಂಬ ಅರಿವು ಬಂದುಬಿಟ್ಟಿದೆ.

ಎಲ್ಲ ಅರಿವೂ ಅಷ್ಟು ಬೇಗ ಬರುವುದಿಲ್ಲ. ಜರ್ಮನಿಯ ಗೆರ್ಟ್ರುಡ್ ನುನ್ನರ್-ವಿಂಕ್ಲರ್ ಮತ್ತು ಬೀಟೆ ಸೋಡಿಯನ್ 1988ರಲ್ಲಿ ಮಕ್ಕಳಿಗೆ ಒಂದು ಕಥೆ ಹೇಳಿದರು. ಒಬ್ಬ ಹುಡುಗ ಗೆಳೆಯನ ಸಿಹಿತಿಂಡಿ ಕದ್ದ. ಈಗ ಕದ್ದವನಿಗೆ ಹೇಗನ್ನಿಸುತ್ತಿದೆ? ನಾಲ್ಕು ವರ್ಷದ ಬಹುಪಾಲು ಮಕ್ಕಳ ಉತ್ತರ: ಖುಷಿಯಾಗಿದೆ, ತಿಂಡಿ ಸಿಕ್ಕಿತಲ್ಲ! ಕದಿಯುವುದು ತಪ್ಪೆಂದು ಅವರಿಗೆ ಗೊತ್ತಿತ್ತು. ತಪ್ಪು ಮಾಡಿದವನಿಗೆ ಒಳಗೆ ಚುಚ್ಚಬೇಕು ಎಂಬುದು ಮಾತ್ರ ಇನ್ನೂ ಹೊಳೆದಿರಲಿಲ್ಲ. ಎಂಟರ ವಯಸ್ಸಿಗೆ ಬರುವಷ್ಟರಲ್ಲಿ ಹೆಚ್ಚಿನ ಮಕ್ಕಳು ‘ಅವನಿಗೆ ಬೇಜಾರಾಗಿರತ್ತೆ’ ಎನ್ನತೊಡಗುತ್ತಾರೆ. ನಿಮ್ಮ ನಾಲ್ಕು ವರ್ಷದ ಮಗ ತಂಗಿಯ ಬೊಂಬೆ ಕಿತ್ತುಕೊಂಡು ಕಿಸಿಕಿಸಿ ನಕ್ಕರೆ, ‘ಎಂಥ ಕಲ್ಲುಮನಸ್ಸು ಇದರದ್ದು’ ಎಂದು ಅವನ ಜಾತಕ ತೆಗೆಸಬೇಕಾಗಿಲ್ಲ. ಬೊಂಬೆ ಸಿಕ್ಕ ಖುಷಿ ಅವನ ಮುಖದಲ್ಲಿ ಇನ್ನೂ ಬೆಳಗುತ್ತಿದೆ, ತಂಗಿಯ ಅಳು ಅದನ್ನು ದಾಟಿ ಒಳಗಿಳಿದಿಲ್ಲ. ಒಳಗಿಳಿಸುವುದು ಹೇಗೆ ಎಂಬುದಷ್ಟೇ ನಮ್ಮ ಕೆಲಸ.

ಇದನ್ನು ಮಾಡಿ ತೋರಿಸಿದವರೊಬ್ಬರನ್ನು ಮಂಡ್ಯದ ಕಡೆಯ ಒಂದು ಅಂಗನವಾಡಿಯಲ್ಲಿ ನೋಡಿದೆ. ಒಬ್ಬಳು ಹುಡುಗಿ ಬಾಟಲಿ ಮುಚ್ಚಳಗಳನ್ನು ಒಂದರ ಮೇಲೊಂದಿಟ್ಟು ಗೋಪುರ ಮಾಡುತ್ತಿದ್ದಳು. ಒಬ್ಬ ಹುಡುಗ ಬಂದು ಒದ್ದ. ಮುಚ್ಚಳಗಳೆಲ್ಲ ಚಾಪೆಯ ಮೇಲೆ ಚೆಲ್ಲಾಪಿಲ್ಲಿ, ಹುಡುಗಿಯ ಕೊರಳಿಂದ ಆಕಾಶಕ್ಕೇರುವ ಅಳು. ಟೀಚರು ತೂಕದ ಯಂತ್ರದ ಪಕ್ಕ ರಿಜಿಸ್ಟರು ಬರೆಯುತ್ತಿದ್ದವರು ಎದ್ದು ಬಂದು ಹುಡುಗನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತರು.

‘ಅವಳ ಮುಖ ನೋಡಪ್ಪ. ಏನಾಯ್ತು ಅವಳ್ಗೆ?’

ಹುಡುಗ ಫ್ಯಾನು ನೋಡಿದ. ಬಾಗಿಲು ನೋಡಿದ. ಕೊನೆಗೆ ಅವಳನ್ನೂ ನೋಡಿ, ‘ಅಳ್ತಾವ್ಳೆ’ ಎಂದ.

‘ಯಾಕೆ?’

ಉತ್ತರ ಇಲ್ಲ.

‘ಆಗಿಂದ ಜೋಡಿಸ್ತಾ ಇದ್ಲು. ನೀನು ಒದ್ದೆ, ಬಿದ್ದೋಯ್ತು. ಅದ್ಕೆ ಅವಳ್ಗೆ ಬೇಜಾರಾಗದೆ. ಈಗ ಏನ್ ಮಾಡಣ?’

ಟೀಚರು ಆಮೇಲೆ ಮಾತಾಡಲಿಲ್ಲ. ಹುಡುಗ ಕಿಟಕಿಯ ಹತ್ತಿರ ಹೋಗಿ ತನ್ನ ನೀರಿನ ಬಾಟಲಿ ತಂದು ಅವಳ ಮುಂದೆ ಹಿಡಿದ. ಅವಳು ತಳ್ಳಿದಳು. ಅವನು ಸ್ವಲ್ಪ ಹೊತ್ತು ನಿಂತು, ಬಾಗಿ, ಮುಚ್ಚಳಗಳನ್ನು ಒಂದೊಂದೇ ಆರಿಸಿ ಅವಳ ಲಂಗದ ಮೇಲೆ ಹಾಕತೊಡಗಿದ. ನೀಲಿ ಮುಚ್ಚಳವೊಂದನ್ನು ಮಾತ್ರ ಮುಷ್ಟಿಯಲ್ಲೇ ಇಟ್ಟುಕೊಂಡಿದ್ದ. ಅದು ಅವಳ ಮಡಿಲು ಸೇರಲು ಇನ್ನೂ ಎರಡು ನಿಮಿಷ ಹಿಡಿಯಿತು. ಅಳು ಆಗಲೇ ಬಿಕ್ಕಳಿಕೆಗೆ ಇಳಿದಿತ್ತು.

ಸಾರಿ ಯಾಕೆ ಹೇಳಿಸಲಿಲ್ಲ ಎಂದು ಟೀಚರನ್ನು ಕೇಳಿದೆ. ‘ಹೇಳ್ಸುದ್ರೆ ಹೇಳ್ತಾನೆ ಸಾರ್. ಹೇಳ್ಬುಟ್ಟು ಇನ್ನೊಂದ್ಸಲ ಒದೀತಾನೆ’ ಎಂದು ಮತ್ತೆ ರಿಜಿಸ್ಟರಿಗೆ ಹೋದರು.

ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಮಾರಿಸಾ ಡ್ರೆಲ್ ಮತ್ತು ವಿಕ್ರಮ್ ಜಸ್ವಾಲ್ 2016ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೂ ಈ ಮುಚ್ಚಳದ ಗೋಪುರಕ್ಕೂ ವಿಚಿತ್ರ ಹೋಲಿಕೆಯಿದೆ. ಆರು-ಏಳು ವರ್ಷದ ಮಕ್ಕಳು ಪ್ಲಾಸ್ಟಿಕ್ ಲೋಟಗಳ ಗೋಪುರ ಕಟ್ಟುತ್ತಿದ್ದಾಗ ಪಕ್ಕದಲ್ಲಿದ್ದ ದೊಡ್ಡವರೊಬ್ಬರು ಅದನ್ನು ಬೀಳಿಸಿದರು. ಕೆಲವು ಮಕ್ಕಳಿಗೆ ಅವರು ತಾವಾಗಿಯೇ ಸಾರಿ ಹೇಳಿದರು, ಕೆಲವರಿಗೆ ಬೇರೆಯವರು ಹೇಳಿಸಿದ ಮೇಲೆ ಹೇಳಿದರು, ಕೆಲವರಿಗೆ ಮರಳಿ ಕಟ್ಟಲು ನೆರವಾದರು, ಇನ್ನು ಕೆಲವರಿಗೆ ಏನೂ ಮಾಡಲಿಲ್ಲ. ಸಾರಿ ಕೇಳಿಸಿಕೊಂಡ ಮಕ್ಕಳ ಬೇಸರ ಏನೂ ಕೇಳಿಸಿಕೊಳ್ಳದ ಮಕ್ಕಳಷ್ಟೇ ಉಳಿಯಿತು. ಮರಳಿ ಕಟ್ಟಲು ಕೈಜೋಡಿಸಿದಾಗಷ್ಟೇ ಮಕ್ಕಳಿಗೆ ಹಾಯೆನಿಸಿತು.

ಮಂಡ್ಯದ ಟೀಚರ ಆ ನಾಲ್ಕು ಮಾತಿಗೂ ಹಳೆಯ ಆಧಾರವೊಂದಿದೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ಕ್ಯಾರೊಲಿನ್ ಜಾನ್-ವ್ಯಾಕ್ಸ್ಲರ್, ಮೇರಿಯನ್ ರ‍್ಯಾಡ್ಕಿ-ಯಾರೊ ಮತ್ತು ಸಂಗಡಿಗರು ತಾಯಂದಿರಿಗೇ ತರಬೇತಿ ಕೊಟ್ಟು, ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳು ಬೇರೆಯವರ ನೋವು ಕಂಡಾಗ ಏನು ಮಾಡುತ್ತಾರೆಂದು ಮನೆಯಲ್ಲೇ ಬರೆದಿಡಲು ಹೇಳಿದರು. 1979ರಲ್ಲಿ ಬಂದ ಅದರ ಫಲಿತಾಂಶ ಅಪ್ಪ ಅಮ್ಮಂದಿರಿಗೆ ಇವತ್ತಿಗೂ ಬೇಕಾದದ್ದು. ಕಾರಣ ಹೇಳದೆ ಬರೀ ‘ಬೇಡ’, ‘ನಿಲ್ಲಿಸು’ ಎಂದು ಗದರುವ ಮನೆಗಳ ಮಕ್ಕಳು ತಪ್ಪನ್ನು ಸರಿಪಡಿಸಲು ಮುಂದಾಗುವುದು ಕಡಿಮೆ. ‘ನೀನು ಹೊಡೆದೆ, ಅವಳಿಗೆ ನೋವಾಯ್ತು’ ಎಂದು, ದನಿಯಲ್ಲಿ ನಿಜವಾದ ಕಳಕಳಿ ಇಟ್ಟು, ಕಾರಣಕ್ಕೂ ಕಣ್ಣೀರಿಗೂ ಗಂಟು ಹಾಕಿ ತೋರಿಸುವ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚು. ಪಾಠ ಒಪ್ಪಿಸುವ ಹಾಗೆ ತಣ್ಣಗೆ ಹೇಳಿದರೆ ನಾಟುವುದು ಕಡಿಮೆ. ಹಾಗೆಂದು ಅರ್ಧ ಗಂಟೆಯ ಪ್ರವಚನವೂ ಕೂಡದು. ಎರಡೇ ವಾಕ್ಯ, ಅದೇ ಜಾಗದಲ್ಲಿ, ಅಳುವ ಮುಖ ಎದುರಿಗಿರುವಾಗಲೇ.

ಸಾರಿ ಹೇಳುವ ಸಂಸ್ಕಾರವೇ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಅದನ್ನು ಮಕ್ಕಳು ನಮ್ಮ ಬಾಯಿಂದ ಕೇಳಿ ಕಲಿಯಬೇಕು. ಆಫೀಸಿನ ಸಿಟ್ಟನ್ನು ಮಗುವಿನ ಮೇಲೆ ಹಾಕಿದ ಅಪ್ಪ ಆಮೇಲೆ ‘ನನ್ನದು ತಪ್ಪಾಯ್ತು ಪುಟ್ಟಾ, ಸುಮ್ಮನೆ ಬೈದೆ’ ಎನ್ನುವುದು ನಮ್ಮ ಎಷ್ಟು ಮನೆಗಳಲ್ಲಿದೆ? ದೊಡ್ಡವರು ಚಿಕ್ಕವರಿಗೆ ತಪ್ಪೊಪ್ಪಿಕೊಳ್ಳುವುದು ನಮ್ಮಲ್ಲಿ ಮರ್ಯಾದೆಗೆ ಕುಂದು. ಮೂರು ವರ್ಷದ ಮಗುವಿಗೆ ಮಾತ್ರ ಅದು ಕಡ್ಡಾಯ. ಈ ಕಾನೂನು ನನಗೆ ಅನ್ಯಾಯವಾಗಿ ಕಾಣುತ್ತದೆ.

ಬಹುಮಾನದ ಕಥೆಯೂ ಇಷ್ಟೇ. ತಮ್ಮನಿಗೆ ಆಟಿಕೆ ಕೊಟ್ಟರೆ ಚಾಕೊಲೇಟು, ಅಜ್ಜನಿಗೆ ಕೋಲು ತಂದುಕೊಟ್ಟರೆ ಡೈರಿ ಮಿಲ್ಕು, ಶಾಲೆಯಲ್ಲಾದರೆ ಕೈಮೇಲೆ ಸ್ಟಾರು. ವಾರ್ನೆಕೆನ್ ಮತ್ತು ಟೊಮಸೆಲ್ಲೊ 2008ರಲ್ಲಿ ಇಪ್ಪತ್ತು ತಿಂಗಳ ಮಕ್ಕಳಲ್ಲಿ ಇದನ್ನೂ ನೋಡಿದರು. ನೆರವಿಗೆ ಪ್ರತಿಯಾಗಿ ವಸ್ತು ಪಡೆದ ಮಕ್ಕಳು, ವಸ್ತು ನಿಂತ ಮೇಲೆ ಕಡಿಮೆ ನೆರವಾದರು. ಏನೂ ಪಡೆಯದವರು, ಬರೀ ಮೆಚ್ಚುಗೆ ಪಡೆದವರು ಮೊದಲಿನಂತೆಯೇ ಮುಂದುವರಿದರು. ಮಗು ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ನಾವೇ ಕೂಲಿ ಗೊತ್ತುಮಾಡಿ, ಆಮೇಲೆ ‘ಈಗಿನ ಮಕ್ಕಳು ಲಂಚ ಇಲ್ಲದೆ ಅಲ್ಲಾಡಲ್ಲ’ ಎಂದು ನಗುತ್ತೇವೆ.

ಗಂಡುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ‘ಗಂಡ್ಸು ಅಳ್ತಾನೇನೋ?’, ‘ಹೆಣ್ಣುಡುಗೀರ ತರ ಮುಸುಮುಸು ಅನ್ಬೇಡ’: ಎರಡು ವರ್ಷದಿಂದಲೇ ಇದು ಶುರು. ಒಂದೇ ಏಟಿಗೆ ಅವನ ಅಳುವಿಗೂ ಅವಮಾನ, ಪಕ್ಕದಲ್ಲಿ ನಿಂತ ಅಕ್ಕನಿಗೂ ಅವಮಾನ. ಬೇಜಾರು, ಭಯ, ಹೊಟ್ಟೆಕಿಚ್ಚು, ನಾಚಿಕೆ ಎಂದು ತನ್ನೊಳಗಿನ ಸಂಕಟಕ್ಕೆ ಹೆಸರಿಡಲು ಅವಕಾಶವೇ ಸಿಗದ ಹುಡುಗ ಇನ್ನೊಬ್ಬರ ಮುಖದಲ್ಲಿ ಅದನ್ನೆಲ್ಲ ಓದುವುದಾದರೂ ಹೇಗೆ? ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮನೆಮನೆಗಳಲ್ಲಿ ಕೂತು ಅಣ್ಣತಮ್ಮ ಅಕ್ಕತಂಗಿಯರ ಜಗಳವನ್ನೇ ಅಧ್ಯಯನ ಮಾಡಿದ ಜೂಡಿ ಡನ್ ಮತ್ತು ಸಂಗಡಿಗರು 1987ರಲ್ಲಿ ಹೇಳಿದ್ದು, ತಾಯಂದಿರು ಮಗನಿಗಿಂತ ಮಗಳೊಂದಿಗೆ ಭಾವನೆಗಳ ಮಾತು ಹೆಚ್ಚು ಆಡುತ್ತಾರೆ ಎಂದು. ಅದೇ ಡನ್ 1991ರಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಮೂರು ವರ್ಷದಲ್ಲಿ ಮನೆಯಲ್ಲಿ ಇಂಥ ಮಾತು ಹೆಚ್ಚು ಕೇಳಿದ, ಆಡಿದ ಮಕ್ಕಳು ಆರೂವರೆ ವರ್ಷಕ್ಕೆ ಅಪರಿಚಿತರ ಭಾವನೆಯನ್ನೂ ಚೆನ್ನಾಗಿ ಗುರುತಿಸುತ್ತಿದ್ದರು. ಎರಡನ್ನೂ ಜೋಡಿಸಿ ನೋಡಿದರೆ, ಗಂಡಸರಿಗೆ ‘ಅರ್ಥವೇ ಆಗಲ್ಲ’ ಎಂಬ ಹೆಂಗಸರ ದೂರಿನ ಬೇರು ಎಲ್ಲಿದೆ ಎಂದು ಊಹಿಸಬಹುದು.

ಎಲ್ಲವನ್ನೂ ದೊಡ್ಡವರೇ ಕಲಿಸಬೇಕೆಂದೂ ಇಲ್ಲ. ಮಕ್ಕಳಿಗೆ ಅವರದೇ ಪಂಚಾಯಿತಿ ಉಂಟು. ಠೂ ಬಿಟ್ಟು ಮುಖ ತಿರುಗಿಸುವುದು, ಊಟದ ಹೊತ್ತಿಗೆ ತಟ್ಟೆಗೆ ತಟ್ಟೆ ತಾಗಿಸಿ ಕೂರುವುದು. ಒಂದೇ ಕಮ್ಮರಕಟ್ಟಿದ್ದರೆ ಅಂಗಿಯ ಚುಂಗಿನೊಳಗಿಟ್ಟು ಕಚ್ಚಿ, ಕಾಗೆ ಎಂಜಲು ಮಾಡಿ ಪಾಲು ಹಾಕುವುದು. ಎಂಜಲು ಎಂದು ಗೆಳೆಯ ಬೇಸರಪಡಬಾರದು, ಅವನಿಗೂ ಸಿಗಬೇಕು ಎಂಬ ಎರಡು ಯೋಚನೆ ಆ ಚುಂಗಿನಲ್ಲಿವೆ. ಜಗಳವಾದ ಕ್ಷಣವೇ ನಾವು ನುಗ್ಗಿ ತೀರ್ಪು ಕೊಟ್ಟುಬಿಟ್ಟರೆ ಈ ಪಂಚಾಯಿತಿ ಕೂರುವುದೇ ಇಲ್ಲ. ಕಚ್ಚುವುದು, ಕಲ್ಲೆತ್ತುವುದು ಶುರುವಾದರೆ ನಡುವೆ ಹೋಗಿ. ಉಳಿದಂತೆ ಸ್ವಲ್ಪ ತಡೆದು ನೋಡಿ.

ತಡೆದು ನೋಡಲು ಹೊತ್ತು ಬೇಕಲ್ಲ? ತೊಡಕಿರುವುದು ಅಲ್ಲೇ. ಖಾಸಗಿ ಶಾಲೆಗಳಲ್ಲಿ ಮೂರೂವರೆ ವರ್ಷದ ಬೆರಳಿಗೆ ಪೆನ್ಸಿಲು ಕೊಟ್ಟು ನಾಲ್ಕು ಗೆರೆಯ ನಡುವೆ ಎ ಬಿ ಸಿ ಡಿ ತೀಡಿಸುವ ಧಾವಂತ. ಮಗು ಯಾರ ಜತೆ ಆಡಿತು, ಯಾರಿಗೆ ಸಮಾಧಾನ ಮಾಡಿತು ಎಂದು ಯಾವ ಪೋಷಕರೂ ಕೇಳುವುದಿಲ್ಲ. ಹೋಮ್‌ವರ್ಕ್ ಎಷ್ಟು ಎಂದು ಕೇಳುತ್ತಾರೆ. ಅಂಗನವಾಡಿಯಲ್ಲಿ ಕಥೆ ಬೇರೆ. 1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ತಿ.ನರಸೀಪುರದಲ್ಲಿ, ಕರ್ನಾಟಕದ ಮಟ್ಟಿಗೆ, ಮೊದಲುಗೊಂಡ ಅಂಗನವಾಡಿ ಯೋಜನೆ ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಾಗಿ ಹರಡಿದೆ. ಆ ಕೇಂದ್ರಗಳ ಕಾರ್ಯಕರ್ತೆ ಮಕ್ಕಳ ತೂಕ ಹಿಡಿಯಬೇಕು, ಪೋಷಣ್ ಟ್ರ್ಯಾಕರ್ ಆ್ಯಪಿಗೆ ಏರಿಸಬೇಕು, ರೇಷನ್ನಿನ ಲೆಕ್ಕ ಇಡಬೇಕು, ಲಸಿಕೆ ದಿನ ತಾಯಂದಿರನ್ನು ಕರೆತರಬೇಕು. ಚುನಾವಣೆ ಬಂದರೆ ಹಲವರಿಗೆ ಮತದಾರರ ಪಟ್ಟಿಯ ಕೆಲಸವೂ ಬೀಳುತ್ತದೆ. ಇಷ್ಟರ ನಡುವೆ ಒಬ್ಬಾಕೆ ಕುಕ್ಕರಗಾಲಲ್ಲಿ ಕೂತು ‘ಅವಳ ಮುಖ ನೋಡಪ್ಪ’ ಎನ್ನುತ್ತಾರೆ ಎಂದರೆ, ಅದು ಯಾವ ರಿಜಿಸ್ಟರಿನ ಯಾವ ಕಾಲಮ್ಮಿನಲ್ಲೂ ದಾಖಲಾಗುವುದಿಲ್ಲ.

ಕೆನಡಾದ ಟೊರಾಂಟೊದಲ್ಲಿ ಮೇರಿ ಗಾರ್ಡನ್ ಎಂಬಾಕೆ 1996ರಲ್ಲಿ ‘ರೂಟ್ಸ್ ಆಫ್ ಎಂಪಥಿ’ ಎಂಬ ಕಾರ್ಯಕ್ರಮ ಶುರುಮಾಡಿದರು. ನೆರೆಹೊರೆಯ ತಾಯಿಯೊಬ್ಬರು ತಮ್ಮ ಹಸುಗೂಸನ್ನು ಶಾಲಾ ವರ್ಷವಿಡೀ ಆಗಾಗ ತರಗತಿಗೆ ಕರೆತರುತ್ತಾರೆ. ಹಸಿರು ಹಾಸಿನ ಮೇಲೆ ಮಲಗಿಸಿದ ಕೂಸಿನ ಸುತ್ತ ಮಕ್ಕಳು ಕೂರುತ್ತಾರೆ. ಅದು ಯಾಕೆ ಅತ್ತಿತು, ಈಗ ಅದಕ್ಕೇನು ಬೇಕು, ಹೇಗೆ ಗೊತ್ತಾಯಿತು ಎಂಬ ಪ್ರಶ್ನೆಗಳೇ ಪಾಠ. ಹಲವು ದೇಶಗಳಿಗೆ ಅದು ಹಬ್ಬಿದೆ. ಅಲ್ಲಿ ಕೂಸನ್ನು ಶಾಲೆಗೆ ತರಲು ವ್ಯವಸ್ಥೆಯೇ ಬೇಕಾಯಿತು. ನಮ್ಮಲ್ಲಿ ಆ ತೊಂದರೆಯೇ ಇಲ್ಲ. 2017ರ ಅಕ್ಟೋಬರ್ 2ರಂದು ರಾಜ್ಯ ಸರ್ಕಾರ ‘ಮಾತೃಪೂರ್ಣ’ ಯೋಜನೆ ತಂದು ಗರ್ಭಿಣಿ, ಬಾಣಂತಿಯರಿಗೆ ಮಧ್ಯಾಹ್ನದ ಊಟವನ್ನು ಅಂಗನವಾಡಿಯಲ್ಲೇ ಬಡಿಸಲು ಹೊರಟಿತು. ಊಟಕ್ಕೆ ಬರುವ ಬಾಣಂತಿಯ ಸೊಂಟದ ಮೇಲೆ ಕೂಸು ಇದ್ದೇ ಇರುತ್ತದೆ. ಮೂರರಿಂದ ಆರು ವರ್ಷದ ಮಕ್ಕಳು ಅದೇ ಕೋಣೆಯಲ್ಲಿ ತಟ್ಟೆ ಹಿಡಿದು ಕೂತಿರುತ್ತಾರೆ. ಹೆಚ್ಚಿನ ಕಡೆ ನಾವು ಅವರಿಗೆ ಹೇಳುವುದು ಒಂದೇ: ‘ಪಾಪುನ ಮುಟ್ಬೇಡ, ಅತ್ಲಾಗ್ ಹೋಗು.’

ಊಟಕ್ಕೆ ತಾಯಂದಿರು ಇನ್ನೂ ಬರುವ ಕಡೆಗಳ ಮೇಲ್ವಿಚಾರಕಿಯರಿಗೆ, ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ (ಸಿಡಿಪಿಒ) ನನ್ನದೊಂದು ಕೋರಿಕೆ. ಹೊಸ ತರಬೇತಿ ಬೇಡ, ಹೊಸ ಕಿಟ್ ಬೇಡ, ಆ್ಯಪಿನಲ್ಲಿ ಇನ್ನೊಂದು ಕಾಲಮ್ ದಯವಿಟ್ಟು ಬೇಡ. ಕೈತೊಳೆಸಿ, ತಾಯಿಯ ಒಪ್ಪಿಗೆ ಕೇಳಿ, ವಾರಕ್ಕೊಮ್ಮೆ ಹತ್ತು ನಿಮಿಷ ಮಕ್ಕಳನ್ನು ಆ ಕೂಸಿನ ಸುತ್ತ ಕೂರಿಸಲು ಟೀಚರಿಗೆ ಬಿಡುವು ಮಾಡಿಕೊಡಿ. ಉಳಿದ ಪ್ರಶ್ನೆಗಳನ್ನು ಮಕ್ಕಳೇ ಕೇಳುತ್ತಾರೆ.